ಮಳೆ ಬಂದ್ರೆ ಸರಿ ಹೋಗುತ್ತಾ, ಡಾಕ್ಟ್ರ ಹತ್ರ ಹೋಗ್ಬೇಕಾ?



ಇವತ್ತಿನ ಬರಹ ಅಡಿಕೆ ಬಗ್ಗೆ ಅಲ್ಲ, ಮೆಕ್ಕೆಜೋಳದ ಬಗ್ಗೆನೂ ಅಲ್ಲ. ಸ್ವಲ್ಪ ಉದ್ದ ಆಗಿದೆ. ಪುರುಸೊತ್ತು ಮಾಡ್ಕೊಂಡು ಓದಿ, ಆಗದಿದ್ರೆ ಮನೇಲಿ ಹೆಂಗಸರ ಕೈಗೆ ಕೊಟ್ಟು ಓದಿಸಿ. ಅವರು ಓದಿದ್ರೆ ಇನ್ನೂ ಒಳ್ಳೇದು.

ಹೋದ ವಾರ ರಾತ್ರಿ ಒಂಬತ್ತೂವರೆಗೆ ಹೊನ್ನಾಳಿ ಕಡೆಯಿಂದ ಒಬ್ಬರು ಫೋನ್ ಮಾಡಿದ್ರು. ಈ ಪೇಜ್ ಓದೋರೇ. ಅವರ ತಮ್ಮ ಮೂರು ವಾರದಿಂದ ಹೊಲದ ಕಡೆ ಹೋಗಿಲ್ಲ, ಕರೆದ್ರೆ ಮಾತಾಡಲ್ಲ, ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರ್ತಾನೆ, ಊಟಕ್ಕೆ ಎಬ್ಬಿಸಿದ್ರೆ ಎರಡು ತುತ್ತು ಉಂಡು ಏಳ್ತಾನೆ. ಇಷ್ಟು ಹೇಳಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ಇದು ಡಾಕ್ಟ್ರ ಹತ್ರ ಹೋಗೋ ಅಂಥದಾ? ಇಲ್ಲ ಮಳೆ ಬಂದು ಬಿತ್ತನೆ ಶುರು ಆದ್ರೆ ತಾನಾಗೇ ಸರಿ ಹೋಗುತ್ತಾ?"

ನನ್ನನ್ನೇ ಯಾಕೆ ಕೇಳಿದ್ರು ಅಂದ್ರೆ, ನಾನು ಆ ದಾರಿ ಹಿಡಿದು ಬಂದೋನು ಅಂತ ತುಮ್ಕೋಸ್ ಹತ್ರ ಯಾರೋ ಅವರಿಗೆ ಹೇಳಿದ್ರಂತೆ. ಹೇಳಿದ್ದು ನಿಜ. ಈ ಪೇಜಲ್ಲಿ ಇಲ್ಲಿವರೆಗೂ ಬರೆದಿರಲಿಲ್ಲ, ಈಗ ಬರೀತೀನಿ. ಅವರಿಗೆ ಫೋನಲ್ಲಿ "ನಾಳೆನೇ ಕರ್ಕೊಂಡು ಹೋಗಿ" ಅಂದೆ, ಹೋದ್ರು, ಈಗ ಔಷಧಿ ಶುರು ಆಗಿದೆ. ಆದ್ರೆ ಅವರ ಪ್ರಶ್ನೆ ಇದೆಯಲ್ಲ, ಅದು ಅವರೊಬ್ಬರದಲ್ಲ. ಎಷ್ಟು ದಿನ ಕಾಯಬೇಕು, ಎಲ್ಲಿಗೆ ಬಂದಾಗ ಕಾಯಬಾರದು ಅನ್ನೋ ಲೆಕ್ಕ ನಮ್ಮಲ್ಲಿ ಬಹಳ ಮನೆಗಳಿಗೆ ಗೊತ್ತಿಲ್ಲ.

ಮೊದಲು ನನ್ನ ವಿಷಯ ಹೇಳ್ತೀನಿ.

2023ರಲ್ಲಿ ಮುಂಗಾರು ಕೈ ಕೊಟ್ಟಿದ್ದು ನಿಮಗೆಲ್ಲ ಗೊತ್ತು. ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು, ನಮ್ಮ ತಾಲ್ಲೂಕೂ ಅದರಲ್ಲಿ ಇತ್ತು. ಮುಂದಿನ ಬೇಸಿಗೆ, ಅಂದ್ರೆ 2024ರ ಮಾರ್ಚ್ ಹೊತ್ತಿಗೆ ಭದ್ರಾ ನೀರಿನ ಆಸೆ ಬಿಟ್ಟಿತ್ತು. ನಂದು ಎರಡು ಎಕರೆ ಹತ್ತು ಗುಂಟೆ ತೋಟ, ಹದಿನಾಲ್ಕು ವರ್ಷದ ಗಿಡ. ಇದ್ದ ಬೋರಲ್ಲಿ ನೀರು ಮೊದಲು ಅರ್ಧ ಇಂಚಿಗೆ ಬಂತು, ಆಮೇಲೆ ಗಾಳಿ ಉಗುಳೋಕೆ ಶುರು ಮಾಡ್ತು. ಹೊಸ ಬೋರ್ ಕೊರೆಸಿದೆ, ಬರೀ ಧೂಳು ಬಂತು. ಆಮೇಲೆ ಎಲ್ಲರ ಹಾಗೆ ಟ್ಯಾಂಕರ್. ರಾತ್ರಿ ಹನ್ನೊಂದಕ್ಕೆ ಒಂದು ಲೋಡು, ಬೆಳಗಿನ ಜಾವ ನಾಲ್ಕಕ್ಕೆ ಒಂದು ಲೋಡು. ದುಡ್ಡಿಗೆ ಮನೆಯವಳ ಬಳೆ ಅಡ ಇಟ್ಟಾಗಿತ್ತು. ಖೇಣಿದಾರರ ಹತ್ರ ಮುಂಗಡ ತಗೊಂಡೂ ಆಗಿತ್ತು. ಸೋಗೆ ಜೋತು ಬೀಳೋದನ್ನ ನೋಡ್ತಾ ನಿಂತ್ಕೊಳ್ಳೋದು ಏನು ಅಂತ ತೋಟ ಇದ್ದೋರಿಗೆ ವಿವರಿಸೋದು ಬೇಡ.

ಆಗ ಚಿಂತೆ ಇತ್ತು. ಚಿಂತೆ ಇರೋದು ಕಾಯಿಲೆ ಅಲ್ಲ. ನಿದ್ದೆ ಕೆಡ್ತು, ಟ್ಯಾಂಕರ್ ಕಾಯೋಕೆ ಎದ್ದಿರ್ತಿದ್ದೆ, ಅದಕ್ಕೆ ಅಂದ್ಕೊಳ್ಳಬಹುದು. ಏಪ್ರಿಲ್ ಹೊತ್ತಿಗೆ ಟ್ಯಾಂಕರ್ ಬರದ ದಿನವೂ ಮೂರು ಗಂಟೆಗೆ ಎಚ್ಚರ ಆಗೋದು, ಆಮೇಲೆ ಕಣ್ಣು ಮುಚ್ತಿರಲಿಲ್ಲ. ಎದೆ ಮೇಲೆ ಏನೋ ಇಟ್ಟ ಹಾಗೆ. ಹೊಟ್ಟೆ ಹಸಿವು ಅನ್ನೋದೇ ಹೋಯ್ತು, ಮುದ್ದೆ ಗಂಟಲಲ್ಲಿ ಇಳೀತಿರಲಿಲ್ಲ. ಮೈ ಕೈ ನೋವು, ತಲೆ ಭಾರ. ಗ್ಯಾಸ್ ಇರಬಹುದು ಅಂತ ಗುಳಿಗೆ ತಗೊಂಡೆ, ಇಸಿಜಿ ಮಾಡಿಸಿದ್ರು, ಹೃದಯ ಸರಿಯಾಗೇ ಇದೆ ಅಂದ್ರು. ಗಡ್ಡ ಬಿಟ್ಟೆ. ಫೋನ್ ಬಂದ್ರೆ ನೋಡಿ ಸುಮ್ಮನೆ ಇಡ್ತಿದ್ದೆ. ಮಗ ಏನಾದ್ರೂ ಕೇಳಿದ್ರೆ ಸಾಕು, ಜಗಳ. ಮನೆ ಎಮ್ಮೆ ಕರು ಹಾಕ್ತು, ಕೊಟ್ಟಿಗೆಗೆ ಹೋಗಿ ನೋಡಬೇಕು ಅಂತ ಅನ್ನಿಸಲೇ ಇಲ್ಲ. ಮೂವತ್ತು ವರ್ಷದಲ್ಲಿ ನಮ್ಮ ಮನೇಲಿ ಕರು ಹುಟ್ಟಿದಾಗ ನಾನು ಪಕ್ಕದಲ್ಲಿ ಇಲ್ಲದೇ ಇದ್ದದ್ದು ಅದೊಂದೇ ಸಲ.

ಮೇ ತಿಂಗಳಲ್ಲಿ ಮಳೆ ಬಂತು. ಒಳ್ಳೆ ಮಳೆ. ಊರಲ್ಲಿ ಎಲ್ಲರ ಮುಖದಲ್ಲಿ ಕಳೆ ಬಂತು. ನಮ್ಮ ಪಕ್ಕದ ತೋಟದೋರು ಮಳೆಲೇ ನೆನಕೊಂಡು ಬದು ಮೇಲೆ ನಿಂತು ಕೂಗಿ ಕರೀತಿದ್ರು. ನಾನು ಜಗಲಿ ಮೇಲೆ ಕೂತು ನೋಡಿದೆ. ನೀರು ಬೀಳ್ತಿದೆ ಅಂತ ಗೊತ್ತಾಗ್ತಿದೆ, ತೋಟದ ಮುಕ್ಕಾಲು ಪಾಲು ಉಳೀತು ಅಂತಲೂ ಗೊತ್ತಾಗ್ತಿದೆ, ಖುಷಿ ಮಾತ್ರ ಆಗ್ತಿಲ್ಲ. ಬೇರೆ ಯಾರದೋ ಹೊಲದಲ್ಲಿ ಮಳೆ ಬಂದ ಹಾಗೆ.

ಹೊನ್ನಾಳಿಯವರ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಚಿಂತೆಗೆ ಒಂದು ಕಾರಣ ಇರುತ್ತೆ, ಆ ಕಾರಣ ಸ್ವಲ್ಪ ಸಡಿಲ ಆದ್ರೆ ಚಿಂತೆನೂ ಸಡಿಲ ಆಗುತ್ತೆ. ಖಿನ್ನತೆ ಹಂಗಲ್ಲ. ನೀರಿಲ್ಲ ಅಂತ ಶುರು ಆಗಿರಬಹುದು, ಸಾಲ ಅಂತ ಶುರು ಆಗಿರಬಹುದು, ಒಮ್ಮೆ ಬೇರು ಬಿಟ್ಟ ಮೇಲೆ ನೀರು ಬಂದ್ರೂ ಹೋಗಲ್ಲ. ಹಂಗಂತ ಮಳೆ ಬರೋವರೆಗೂ ಕಾದು ಪರೀಕ್ಷೆ ಮಾಡೋಣ ಅನ್ನೋದು ಬೇಡ. ಅಷ್ಟು ದಿನ ಇರ್ತಾರೋ ಇಲ್ಲವೋ ಅನ್ನೋದೇ ಇಲ್ಲಿರೋ ವಿಷಯ.

ಮಳೆ ಬಂದು ಒಂದು ವಾರಕ್ಕೆ, ಒಂದು ರಾತ್ರಿ ಊಟ ಆದ ಮೇಲೆ ಮನೆಯವಳು ಬಂದು ಪಕ್ಕದಲ್ಲಿ ಕೂತಳು. "ರೀ, ಒಂದು ಮಾತು ಕೇಳ್ತೀನಿ, ಸುಳ್ಳು ಹೇಳಬಾರ್ದು. ಸಾಯಬೇಕು ಅಂತ ಏನಾದ್ರೂ ಅನ್ನಿಸ್ತಿದೆಯಾ ನಿಮಗೆ?" ಅಂದಳು. ಸುತ್ತಿ ಬಳಸಿ ಕೇಳಲಿಲ್ಲ. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಳಿಗ್ಗೆ ಏಳದೇ ಇದ್ರೆ ಚೆನ್ನಾಗಿತ್ತು ಅನ್ನಿಸುತ್ತೆ" ಅಂದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಎದ್ದು ಹೋಗಿ ಪಂಪ್‌ಹೌಸಿಗೆ ಬೀಗ ಹಾಕಿ ಕೀಲಿ ತಂದು ಸೊಂಟಕ್ಕೆ ಸಿಕ್ಕಿಸ್ಕೊಂಡಳು. ಅವಳ ತಮ್ಮನಿಗೆ ಫೋನ್ ಮಾಡಿ ಬೆಳಿಗ್ಗೆ ಏಳಕ್ಕೆ ಬಾ ಅಂದಳು. ಆ ರಾತ್ರಿ ಮಗನನ್ನ ನನ್ನ ಪಕ್ಕದಲ್ಲೇ ಮಲಗಿಸಿದಳು.

ಅವಳಿಗೆ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಡಾಕ್ಟರು ಹೇಳಿದ್ರು, ಇದಕ್ಕಿಂತ ಸರಿಯಾಗಿ ಮಾಡೋಕೆ ಆಗ್ತಿರಲಿಲ್ಲ ಅಂತ. ಸಾವಿನ ವಿಷಯ ಬಾಯಿ ಬಿಟ್ಟು ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತೆ ಅಂತ ನಮ್ಮಲ್ಲಿ ಭಯ ಇದೆ. ಅದು ನಿಜ ಅಲ್ಲ. ಒಳಗೆ ಇದ್ದೋನಿಗೆ ಹೇಳೋಕೆ ಒಂದು ದಾರಿ ಆಗುತ್ತೆ, ಇಲ್ಲದೋನು ಇಲ್ಲ ಅಂತಾನೆ, ಅಷ್ಟೇ. ಕೇಳೋ ರೀತಿನೂ ಮುಖ್ಯ. "ನೀನು ಹಂಗೆಲ್ಲ ಮಾಡ್ಕೋಬೇಡಪ್ಪ" ಅಂದ್ರೆ ಅದು ಕೇಳಿದ ಹಾಗಲ್ಲ, ಅವನು "ಇಲ್ಲ ಬಿಡಿ" ಅಂದು ಎದ್ದು ಹೋಗ್ತಾನೆ. "ಹೆಂಡ್ತಿ ಮಕ್ಕಳ ಮುಖ ನೋಡು" ಅನ್ನೋದೂ ಅಷ್ಟೇ. ತಾನು ಮನೆಗೆ ಭಾರ ಅಂತ ಆಗಲೇ ಅವನ ತಲೇಲಿ ಕೂತಿರುತ್ತೆ, ಅದರ ಮೇಲೆ ನಾವು ಇನ್ನೊಂದು ಮೂಟೆ ಹೊರಿಸಿದ ಹಾಗೆ. ನೇರ ಕೇಳಬೇಕು, ಕೇಳಿ ಸುಮ್ಮನಿರಬೇಕು. ಅವನು ಬಾಯಿ ಬಿಡೋಕೆ ಹೊತ್ತು ಬೇಕು.

ಈಗ ದಿನಗಳ ಲೆಕ್ಕ. ಡಾಕ್ಟರು ನನಗೆ ವಿವರಿಸಿದ್ದನ್ನ ನಮ್ಮ ಮಾತಲ್ಲಿ ಹೇಳ್ತೀನಿ.

ಮಾಮೂಲಿ ಬೇಜಾರಿಗೂ ಖಿನ್ನತೆಗೂ ಅವರು ಇಟ್ಟುಕೊಂಡಿರೋ ಗೆರೆ ಎರಡು ವಾರ. ಎರಡು ವಾರ, ಹೆಚ್ಚು ಕಮ್ಮಿ ದಿನಾ, ದಿನದ ಬಹುಪಾಲು ಹೊತ್ತು ಮನಸ್ಸು ಕುಸಿದಿರೋದು, ಇಲ್ಲವೇ ಮೊದಲು ಇಷ್ಟ ಇದ್ದ ಯಾವುದರಲ್ಲೂ ಆಸಕ್ತಿ ಇಲ್ಲದಿರೋದು. ಇವೆರಡರಲ್ಲಿ ಒಂದಾದ್ರೂ ಇದ್ದು, ಜತೆಗೆ ನಿದ್ದೆ ಕೆಡೋದು ಅಥವಾ ಅತಿಯಾಗಿ ಮಲಗೋದು, ಊಟ ಸೇರದಿರೋದು, ಸುಸ್ತು, ಒಂದು ವಿಷಯದ ಮೇಲೆ ಮನಸ್ಸು ನಿಲ್ಲದಿರೋದು, ನಾನು ಯಾವುದಕ್ಕೂ ಬಾರದೋನು ಅನ್ನಿಸೋದು, ಸಾವಿನ ಯೋಚನೆ, ಇಂಥವು ಕೂಡಿಕೊಂಡು ಕೆಲಸ ಕೈ ಬಿಡ್ತಿದೆ ಅಂದ್ರೆ ಡಾಕ್ಟರ ಹತ್ರ ಹೋಗಲೇಬೇಕು. ಗಂಡಸರಲ್ಲಿ ಬೇಜಾರು ಬೇಜಾರಾಗಿ ಕಾಣಲ್ಲ. ಸಿಟ್ಟಾಗಿ ಕಾಣುತ್ತೆ, ಮೈ ಕೈ ನೋವಾಗಿ ಕಾಣುತ್ತೆ, ಕುಡಿತ ಜಾಸ್ತಿ ಆಗೋದ್ರಲ್ಲಿ ಕಾಣುತ್ತೆ. ವಾರಕ್ಕೊಮ್ಮೆ ನಾಲ್ಕು ಜನರ ಜತೆ ಕುಡೀತಿದ್ದೋನು ದಿನಾ ಒಬ್ಬನೇ ಕುಡಿಯೋಕೆ ಶುರು ಮಾಡಿದ ಅಂದ್ರೆ ಅದನ್ನ ಬರೀ ಚಟ ಅಂತ ತಳ್ಳಿ ಹಾಕಬೇಡಿ.

ನಮ್ಮ ಕಣ್ಣಿಗೆ ಕಾಣೋ ಹಾಗೆ ಹೇಳಬೇಕಂದ್ರೆ, ರೈತನ ಮನಸ್ಸು ಕೆಟ್ಟಿದ್ದು ಮೊದಲು ಕೆಲಸದಲ್ಲಿ ಗೊತ್ತಾಗುತ್ತೆ. ಕರೆಂಟ್ ಬಂದ್ರೂ ಸ್ಟಾರ್ಟರ್ ಒತ್ತೋಕೆ ಹೋಗಲ್ಲ. ಡ್ರಿಪ್ ಪೈಪ್ ಒಡೆದು ನೀರು ಹರೀತಿದ್ರೆ ನೋಡ್ಕೊಂಡು ದಾಟಿ ಹೋಗ್ತಾನೆ. ಹಾಲು ಕರೆಯೋ ಹೊತ್ತು ತಪ್ಪುತ್ತೆ. ಪಕ್ಕದೋರ ಜತೆ ಬದು ಜಗಳ ಕೂಡ ಆಡಲ್ಲ. ಎಲೆ ಹಳದಿ ಆದ್ರೆ ನಾವು ಫೋಟೋ ಹೊಡೆದು ಇಪ್ಪತ್ತು ಜನಕ್ಕೆ ಕಳಿಸ್ತೀವಿ. ಇದನ್ನೂ ಹಂಗೇ ಗಮನಿಸೋರು ಮನೇಲಿ ಒಬ್ಬರು ಬೇಕು.

ಈ ಎರಡು ವಾರದ ಲೆಕ್ಕ ಕೆಲವು ಕಡೆ ನಡೆಯಲ್ಲ. ಸಾಯ್ತೀನಿ ಅಂತ ಹೇಳಿದ ದಿನವೇ ಹೋಗಬೇಕು, ಅದೇ ದಿನ. ಕುಡಿದಾಗ ಹೇಳಿದ್ರೂ, ನಗ್ತಾ ಹೇಳಿದ್ರೂ. ಟೀ ಅಂಗಡೀಲಿ ಕೂತು "ನಾನು ಹೋದ್ರೆ ಪರಿಹಾರನಾದ್ರೂ ಬರುತ್ತೆ ಬಿಡು" ಅಂತ ಜೋಕ್ ಮಾಡ್ತಾರಲ್ಲ, ಅದಕ್ಕೆ ನಗಬೇಡಿ. ಆ ಪರಿಹಾರಕ್ಕೆ ಹೆಂಡತಿ ಕಾಗದ ಹಿಡ್ಕೊಂಡು ಯಾವ ಯಾವ ಬಾಗಿಲಿಗೆ ಅಲೀಬೇಕು ಅನ್ನೋದು ಆ ಮನೆಯವರನ್ನ ಕೇಳಿದ್ರೆ ಹೇಳ್ತಾರೆ. ಯಾರಿಗೆ ಎಷ್ಟು ಕೊಡಬೇಕು ಅಂತ ಇದ್ದಕ್ಕಿದ್ದಂತೆ ಚೀಟಿ ಬರೆದಿಡೋದು, ಮಕ್ಕಳನ್ನ ನೋಡ್ಕೊಳ್ಳಿ ಅಂತ ಅಣ್ಣ ತಮ್ಮಂದಿರಿಗೆ ಹೇಳೋದು, ಇಷ್ಟಪಟ್ಟು ಇಟ್ಕೊಂಡಿದ್ದನ್ನ ಯಾರಿಗೋ ಕೊಟ್ಟುಬಿಡೋದು, ಹಿಂದೆ ಒಮ್ಮೆ ಪ್ರಯತ್ನ ಮಾಡಿದೋರು ಮತ್ತೆ ಮಂಕಾಗೋದು, ಇವೂ ಅದೇ ಲೆಕ್ಕ. ಇನ್ನೊಂದು ಇದೆ. ವಾರಗಟ್ಟಲೆ ಒದ್ದಾಡ್ತಿದ್ದೋರು ಒಂದು ದಿನ ಕಾರಣ ಇಲ್ಲದೆ ಪೂರ್ತಿ ಶಾಂತ ಆಗಿಬಿಟ್ರೆ ಸರಿ ಹೋದ ಅಂತ ಮನೆಯವರು ನಿಟ್ಟುಸಿರು ಬಿಡ್ತಾರೆ. ಕೆಲವು ಸಲ ಅದು ಮನಸ್ಸಲ್ಲಿ ಏನೋ ನಿರ್ಧಾರ ಮಾಡ್ಕೊಂಡಿದ್ದರ ಶಾಂತಿ ಆಗಿರುತ್ತೆ. ಅಂಥ ಹೊತ್ತಲ್ಲಿ ಒಬ್ಬರನ್ನೇ ಬಿಡಬಾರದು.

ಮಕ್ಕಳ ವಿಷಯ ಎರಡು ಮಾತು. ಪಿಯುಸಿ ಓದೋ ವಯಸ್ಸಿನ ಹುಡುಗ ಹುಡುಗಿಯರು ಕೈಗೆ ಗಾಯ ಮಾಡ್ಕೊಳ್ಳೋದು ಈಗ ಹಳ್ಳೀಲೂ ಇದೆ. ಬಿರು ಬೇಸಿಗೇಲಿ ಉದ್ದ ತೋಳಿನ ಅಂಗಿ ಬಿಚ್ಚಲ್ಲ ಅಂದ್ರೆ ಒಮ್ಮೆ ಗಮನಿಸಿ. ಕಂಡ ತಕ್ಷಣ ಹೊಡೆಯೋದು, ಮೊಬೈಲ್ ಕಿತ್ಕೊಳ್ಳೋದು ಮಾಡಬೇಡಿ. ಎಲ್ಲರಿಗೂ ತೋರಿಸೋಕೆ ನಾಟಕ ಮಾಡ್ತಿದೆ ಅನ್ನಬೇಡಿ, ತೋರಿಸೋ ಹಾಗಿದ್ರೆ ಮುಚ್ಚಿಡ್ತಿರಲಿಲ್ಲ. ಗಾಯ ತೊಳೆದು, ಜತೇಲಿ ಕೂತು, ಮನೋವೈದ್ಯರ ಹತ್ರ ಕರ್ಕೊಂಡು ಹೋಗಿ. ಅಲ್ಲೂ ಎರಡು ವಾರ ಎಣಿಸೋದಿಲ್ಲ.

ಎಲ್ಲಿಗೆ ಹೋಗೋದು ಅನ್ನೋದಕ್ಕೆ ಬರ್ತೀನಿ. ಹುಚ್ಚಾಸ್ಪತ್ರೆ ಅನ್ನೋ ಮಾತು ಇನ್ನೂ ನಮ್ಮ ಬಾಯಲ್ಲಿದೆ, ಅದಕ್ಕೇ ಜನ ಹೆದರೋದು. ನನ್ನನ್ನ ಬಾಮೈದ ಮೊದಲು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಕರ್ಕೊಂಡು ಹೋದ. ಅಲ್ಲಿಯ ಡಾಕ್ಟರು ಹತ್ತು ನಿಮಿಷ ಮಾತಾಡಿಸಿ, ಚೀಟಿ ಬರೆದು ದಾವಣಗೆರೆಗೆ ಕಳಿಸಿದ್ರು. ಚಿಗಟೇರಿ ಜಿಲ್ಲಾ ಆಸ್ಪತ್ರೇಲಿ ಮನೋವೈದ್ಯರು ಇದ್ದಾರೆ. ಅಷ್ಟು ದೂರ ಬೇಡ ಅಂದ್ರೆ ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ, ಮನೋವೈದ್ಯರು ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡೋ ವ್ಯವಸ್ಥೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯರನ್ನ ಕೇಳಿ, ಇಲ್ಲ ಆಸ್ಪತ್ರೆಗೇ ಫೋನ್ ಮಾಡಿ ಕೇಳ್ಕೊಂಡು ಹೋಗಿ. ಸುಮ್ಮನೆ ಹೋಗಿ ವಾಪಸ್ ಬಂದ್ರೆ ಎರಡನೇ ಸಲ ಹೊರಡಿಸೋದು ಕಷ್ಟ.

ಹೋಗೋಕೆ ಆಗಲ್ಲ, ರಾತ್ರಿ ಆಗಿದೆ, ಯಾರಿಗೂ ಗೊತ್ತಾಗಬಾರದು ಅನ್ನೋರಿಗೆ 14416. ಟೆಲಿಮನಸ್ ಅಂತ ಹೆಸರು, 2022ರ ಅಕ್ಟೋಬರ್ 10ಕ್ಕೆ ಕೇಂದ್ರ ಸರ್ಕಾರ ಶುರು ಮಾಡಿದ್ದು, ಬೆಂಗಳೂರಿನ ನಿಮ್ಹಾನ್ಸ್‌ನೋರು ಇದಕ್ಕೆ ಮುಖ್ಯ ಕೇಂದ್ರ. ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಕಾಯಿಲೆ ಇದ್ದೋರೇ ಮಾಡಬೇಕು ಅಂತಿಲ್ಲ, ಮನೆಯವರೂ ಮಾಡಿ "ಹಿಂಗಿದೆ, ಏನು ಮಾಡೋದು" ಅಂತ ಕೇಳಬಹುದು. ನಂಬರ್ ಫೋನಲ್ಲಿ ಈಗಲೇ ಸೇವ್ ಮಾಡ್ಕೊಳ್ಳಿ, ಬೇಕಾದಾಗ ಹುಡುಕೋಕೆ ಕೈ ಬರಲ್ಲ.

ನಮ್ಮ ಅವ್ವ ಉಕ್ಕಡಗಾತ್ರಿಗೆ ಕರ್ಕೊಂಡು ಹೋಗ್ರಿ ಅಂತ ಹಠ ಹಿಡಿದಿದ್ದಳು. ಮನಸ್ಸಿಗೆ ಸರಿ ಇಲ್ಲ ಅಂದ್ರೆ ಅಮಾವಾಸ್ಯೆಗೆ ಅಜ್ಜಯ್ಯನ ಹತ್ರ ಹೋಗೋದು ನಮ್ಮ ಜಿಲ್ಲೆಯ ರೂಢಿ. ಹೋದ್ವಿ. ತುಂಗಭದ್ರೇಲಿ ಸ್ನಾನ ಮಾಡಿ, ಕೈ ಮುಗಿದು ಬಂದೆ, ಅವ್ವಂಗೆ ಸಮಾಧಾನ ಆಯ್ತು, ನನಗೂ ಏನೂ ನಷ್ಟ ಆಗಲಿಲ್ಲ. ಆದ್ರೆ ಮಾತ್ರೆ ಜೇಬಲ್ಲೇ ಇತ್ತು. ಅಮಾವಾಸ್ಯೆಗೆ ಅಜ್ಜಯ್ಯನ ಹತ್ರ ಹೋಗೋರು ಹೋಗಿ, ಮಂಗಳವಾರ ಆಸ್ಪತ್ರೆಗೂ ಹೋಗಿ. ಅದಕ್ಕೂ ಇದಕ್ಕೂ ಜಗಳ ಇಲ್ಲ.

ಡಾಕ್ಟರು ಏನು ಮಾಡ್ತಾರೆ ಅಂತ ಬಹಳ ಜನ ಕೇಳಿದಾರೆ. ಕರೆಂಟ್ ಶಾಕ್ ಕೊಡ್ತಾರಂತೆ ಅಂತ ಒಬ್ಬರು ಕೇಳಿದ್ರು. ನನಗೆ ಕೊಟ್ಟಿದ್ದು ಒಂದು ಕುರ್ಚಿ, ಒಂದು ಲೋಟ ನೀರು. ನಿದ್ದೆ, ಊಟ, ಕುಡಿತ, ಸಾಲ, ಮನೇಲಿ ಯಾರಿಗಾದ್ರೂ ಹಿಂದೆ ಹಿಂಗಾಗಿತ್ತಾ ಅಂತೆಲ್ಲ ಕೇಳಿದ್ರು. ಸಾಯೋ ಯೋಚನೆ ಬಗ್ಗೆನೂ ನೇರವಾಗಿ ಕೇಳಿದ್ರು. ರಕ್ತ ಪರೀಕ್ಷೆ ಬರೆದ್ರು, ಶುಗರ್, ಥೈರಾಯ್ಡ್ ನೋಡೋಕೆ. ಥೈರಾಯ್ಡ್ ಕಮ್ಮಿ ಆದ್ರೂ ಮನುಷ್ಯ ಹಿಂಗೇ ಮಂಕಾಗ್ತಾನಂತೆ. ಆಮೇಲೆ ರಾತ್ರಿಗೆ ಒಂದು ಮಾತ್ರೆ. ಮಾತ್ರೆ ಶೀಟ್ ನನ್ನ ಕೈಗೆ ಕೊಡಲಿಲ್ಲ, ಮನೆಯವಳ ಕೈಗೆ ಕೊಟ್ಟು "ದಿನಕ್ಕೊಂದು ನೀವೇ ಕೊಡಿ" ಅಂದ್ರು.

ಈ ಮಾತ್ರೆ ತಲೆನೋವಿನ ಗುಳಿಗೆ ಥರ ಅಲ್ಲ. ಕೆಲಸ ಶುರು ಮಾಡೋಕೆ ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ನನಗೆ ಬಾಯಿ ಒಣಗಿದ್ದು, ಬೆಳಿಗ್ಗೆ ಮಂಪರು ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಬಹಳ ಜನ ಇಲ್ಲೇ ನಿಲ್ಲಿಸಿಬಿಡ್ತಾರೆ. ಶುರುವಿನ ಈ ವಾರಗಳಲ್ಲಿ ಮನೆಯವರು ಇನ್ನೂ ಹುಷಾರಾಗಿರಬೇಕು, ಯಾಕಂದ್ರೆ ಕೆಲವರಿಗೆ ಮನಸ್ಸು ತಿಳಿಯಾಗೋ ಮೊದಲೇ ಮೈಗೆ ಶಕ್ತಿ ಬಂದುಬಿಡುತ್ತೆ. ಮೂರನೇ ವಾರದ ಕೊನೇಲಿ ಒಂದು ಬೆಳಿಗ್ಗೆ ಹುರಳಿ ಸಾರಿನ ಘಮಕ್ಕೆ ಎಚ್ಚರ ಆಯ್ತು. ನಾನೇ ಎದ್ದು ಅಡುಗೆ ಮನೆಗೆ ಹೋದೆ. ಮನೆಯವಳು ತಿರುಗಿ ನೋಡಿ ಏನೂ ಮಾತಾಡಲಿಲ್ಲ, ತಟ್ಟೆ ಹಾಕಿದಳು. ವಾಸಿ ಆಯ್ತು ಅನ್ನಿಸಿದ ಮೇಲೂ ಆರರಿಂದ ಒಂಬತ್ತು ತಿಂಗಳು ತಗೋಬೇಕು ಅಂದಿದ್ರು. ನಂದು ಒಟ್ಟು ಹನ್ನೊಂದು ತಿಂಗಳಾಯ್ತು, ಡಾಕ್ಟರೇ ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿಸಿ ನಿಲ್ಲಿಸಿದ್ರು. ಇಂಥ ಮಾತ್ರೆ ಚಟ ಹಿಡಿಸಲ್ಲ. ನಾವೇ ಒಂದು ದಿನ ಇದ್ದಕ್ಕಿದ್ದ ಹಾಗೆ ನಿಲ್ಲಿಸೋದು ಮಾತ್ರ ಮಾಡಬಾರದು.

ಮಾತ್ರೆ ನುಂಗಿದ್ರೆ ಸಾಲ ತೀರುತ್ತಾ ಅಂತ ಕೇಳೋರು ಇದ್ದಾರೆ. ನಾನೂ ಡಾಕ್ಟರಿಗೆ ಅದನ್ನೇ ಕೇಳಿದ್ದೆ. ತೀರಲ್ಲ. ಅಡ ಇಟ್ಟ ಬಳೆ ಇನ್ನೂ ಅಲ್ಲೇ ಇದೆ. ರೈತರ ಆತ್ಮಹತ್ಯೆ ವಿಷಯದಲ್ಲಿ ಈ ವಾದ ಹಳೇದು. 2002ರಲ್ಲಿ ಡಾ. ಜಿ.ಕೆ. ವೀರೇಶ್ ಸಮಿತಿ ಸಾಲ ಒಂದೇ ಅಲ್ಲ, ಬೇರೆ ಕಾರಣಗಳೂ ಇವೆ ಅಂತ ವರದಿ ಕೊಟ್ಟಾಗಿಂದಲೂ ನಡೀತಿದೆ. ಮನಸ್ಸಿನ ಕಾಯಿಲೆ ಅಂದುಬಿಟ್ರೆ ನೀರಿನ ಮಾತು, ಬೆಲೆ ಮಾತು ಮರೆಸಿಬಿಡ್ತಾರೆ ಅಂತ ನಮಗೆ ಅನುಮಾನ ಬರೋದು ಸಹಜ, ಆ ಅನುಮಾನ ನನಗೂ ಇದೆ. 2022ರ ಒಂದೇ ವರ್ಷ ದೇಶದಲ್ಲಿ ಕೃಷಿ ಮಾಡೋರು, ಕೂಲಿಯೋರು ಸೇರಿ 11,290 ಜನ ಹಿಂಗೆ ಹೋದ್ರು ಅಂತ ಎನ್‌ಸಿಆರ್‌ಬಿ ಲೆಕ್ಕ, ಅದರಲ್ಲಿ ನಮ್ಮ ರಾಜ್ಯದೋರು 2,392, ಮಹಾರಾಷ್ಟ್ರ ಬಿಟ್ಟರೆ ನಾವೇ. ಇಷ್ಟು ಜನಕ್ಕೂ ಬರೀ ಮಾತ್ರೆ ಸಾಕಿತ್ತು ಅಂತ ನಾನು ಹೇಳೋದಿಲ್ಲ. ನೀರು, ಬೆಲೆ, ಬಡ್ಡಿ ಬಗ್ಗೆ ಮಾತಾಡಲೇಬೇಕು. ಆದ್ರೆ ಮಾತಾಡೋಕೆ ಮನುಷ್ಯ ಇರಬೇಕಲ್ಲ. ನನ್ನ ತಲೆ ಸರಿ ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಪಹಣಿ ಹಿಡ್ಕೊಂಡು ಸಾಲದ ಕಡೆಗೆ ಹೋಗಿದ್ದು. ಬರ ಘೋಷಣೆ ಆದ ತಾಲ್ಲೂಕಲ್ಲಿ ಬೆಳೆ ಸಾಲವನ್ನ ಮಧ್ಯಮಾವಧಿಗೆ ಬದಲಿಸಿಕೊಡೋ ಅವಕಾಶ ಇರುತ್ತೆ, ಕೇಳಿ ಬದಲಿಸ್ಕೊಂಡೆ. ಏಪ್ರಿಲ್‌ನಲ್ಲಿ ನನಗೆ ಆ ಮೆಟ್ಟಿಲು ಹತ್ತೋ ಶಕ್ತಿ ಇರಲಿಲ್ಲ. ಸಾಲ ಅಷ್ಟೇ ಇತ್ತು, ಮನುಷ್ಯ ಬೇರೆ ಆಗಿದ್ದ.

ನಿಮ್ಹಾನ್ಸ್‌ನೋರು 2015–16ರಲ್ಲಿ ದೇಶದ ತುಂಬ ಮಾಡಿದ ಮಾನಸಿಕ ಆರೋಗ್ಯ ಸಮೀಕ್ಷೇಲಿ, ಇಪ್ಪತ್ತು ಜನಕ್ಕೆ ಒಬ್ಬರಿಗೆ ಖಿನ್ನತೆ ಬಂದಿರುತ್ತೆ, ಅಂಥೋರಲ್ಲಿ ನೂರಕ್ಕೆ ಎಂಬತ್ತೈದು ಜನಕ್ಕೆ ಚಿಕಿತ್ಸೆನೇ ಸಿಕ್ಕಿಲ್ಲ ಅಂತ ಬಂತು. ನಮ್ಮೂರಲ್ಲಿ ಇನ್ನೂರು ಮನೆ. ಲೆಕ್ಕ ನೀವೇ ಹಾಕಿ.

ಇನ್ನು ಬೀಗದ ವಿಷಯ. ಮನೆಯವಳು ಪಂಪ್‌ಹೌಸಿಗೆ ಯಾಕೆ ಬೀಗ ಹಾಕಿದಳು ಅಂತ ನಿಮಗೆ ಅರ್ಥ ಆಗಿರುತ್ತೆ. ಬೆಳೆಗೆ ಹೊಡೆಯೋ ಔಷಧಿ ನಾವು ಎಲ್ಲಿ ಇಡ್ತೀವಿ? ಕೊಟ್ಟಿಗೆ ಗೂಡಲ್ಲಿ, ಮಂಚದ ಕೆಳಗೆ. ಸಾಯಬೇಕು ಅನ್ನೋ ಆ ತೀವ್ರ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು. ಆ ಹೊತ್ತಲ್ಲಿ ಕೈಗೆ ಸಿಗದಿದ್ರೆ ಬಹಳ ಜನ ಉಳೀತಾರೆ, ಉಳಿದೋರಲ್ಲಿ ಹೆಚ್ಚಿನೋರು ಮತ್ತೆ ಆ ದಾರಿಗೆ ಹೋಗಲ್ಲ. ತಮಿಳುನಾಡಿನ ಕಡಲೂರು ಜಿಲ್ಲೆ ಕಾಟ್ಟುಮನ್ನಾರ್‌ಕೋಯಿಲ್ ಕಡೆಯ ಹಳ್ಳಿಗಳಲ್ಲಿ ಸ್ನೇಹಾ ಸಂಸ್ಥೆಯ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಅವರ ಜತೆಗಾರರು ಊರಿಗೊಂದು ಸ್ಟೋರ್ ಮಾಡಿ, ಬ್ಯಾಂಕ್ ಲಾಕರ್ ಹಾಗೆ ಒಬ್ಬೊಬ್ಬ ರೈತನಿಗೆ ಒಂದೊಂದು ಬೀಗದ ಪೆಟ್ಟಿಗೆ ಕೊಟ್ಟು ಔಷಧಿ ಅಲ್ಲೇ ಇಡಿಸಿ ನೋಡಿದ್ರು. ರೈತರೂ ಒಪ್ಪಿಕೊಂಡ್ರು. ಶ್ರೀಲಂಕಾದಲ್ಲಿ ಅತಿ ವಿಷದ ಔಷಧಿಗಳನ್ನ ಒಂದೊಂದಾಗಿ ನಿಷೇಧ ಮಾಡಿದ ಮೇಲೆ ಆತ್ಮಹತ್ಯೆ ಬಹಳ ಕಮ್ಮಿ ಆಯ್ತು. ನಮ್ಮ ಹಳ್ಳಿ ಸೊಸೈಟಿಗಳಲ್ಲೂ ಅಂಥ ಒಂದು ಸ್ಟೋರ್ ಮಾಡೋದು ದೊಡ್ಡ ಮಾತಲ್ಲ. ಅದು ಆಗೋವರೆಗೆ, ಬೇಕಾದಷ್ಟೇ ತನ್ನಿ, ಉಳಿದದ್ದು ಇಟ್ಕೋಬೇಡಿ, ಪೆಟ್ಟಿಗೆಗೆ ಬೀಗ ಹಾಕಿ. ಮನೇಲಿ ಯಾರಾದ್ರೂ ಮಂಕಾಗಿದ್ರೆ ಪೆಟ್ಟಿಗೇನೇ ಬೇರೆಯವರ ಮನೆಗೆ ಸಾಗಿಸಿ.

ಅಕಸ್ಮಾತ್ ಯಾರಾದ್ರೂ ಏನಾದ್ರೂ ಮಾಡ್ಕೊಂಡ್ರೆ, 108ಕ್ಕೆ ಫೋನ್ ಮಾಡಿ, ಗಾಡಿ ತಡ ಅಂದ್ರೆ ಸಿಕ್ಕ ಗಾಡೀಲಿ ಹತ್ತಿರದ ಆಸ್ಪತ್ರೆಗೆ ಓಡಿ. ಉಪ್ಪು ನೀರು, ಸೋಪಿನ ನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗಿ ಇನ್ನೂ ಅಪಾಯ. ಡಬ್ಬಿ ಅಥವಾ ಅದರ ಲೇಬಲ್ ಜತೆಗೆ ತಗೊಂಡು ಹೋಗಿ. ಪೊಲೀಸ್ ಕೇಸ್ ಆಗುತ್ತೆ ಅಂತ ಆಸ್ಪತ್ರೇಲಿ ಸುಳ್ಳು ಹೇಳೋರು ಇದ್ದಾರೆ, ಅದರಿಂದ ಸರಿಯಾದ ಚಿಕಿತ್ಸೆಗೆ ತಡ ಆಗುತ್ತೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಅದು ಅವರ ನಿಯಮ. ಆದ್ರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಪ್ರಯತ್ನ ಮಾಡಿದೋರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸಬೇಕು, ಅವರಿಗೆ ಚಿಕಿತ್ಸೆ, ಪುನರ್ವಸತಿ ಕೊಡೋದು ಸರ್ಕಾರದ ಹೊಣೆ. ಹಿಂದೆ ಶಿಕ್ಷೆ ಇದ್ದ 309ನೇ ಕಲಂ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ರೂಪದಲ್ಲಿ ಇಲ್ಲ.

ಮೊದಲ ಸಲ ಹೋಗುವಾಗ ಒಬ್ಬರೇ ಹೋಗಬೇಡಿ. ಅಲ್ಲಿ ಕೂತಾಗ ಎಲ್ಲ ಮರೆತು ಹೋಗುತ್ತೆ, "ಏನಿಲ್ಲ ಸಾರ್, ಸ್ವಲ್ಪ ಗ್ಯಾಸ್ ಅಷ್ಟೇ" ಅಂತ ಬಾಯಿಗೆ ಬರುತ್ತೆ. ಯಾವಾಗಿಂದ ನಿದ್ದೆ ಇಲ್ಲ, ಊಟ ಎಷ್ಟು, ಕುಡಿತ ಎಷ್ಟು, ಈಗಾಗಲೇ ತಗೊಳ್ಳೋ ಮಾತ್ರೆ ಯಾವುದು, ಇಷ್ಟನ್ನ ಮನೆಯವರು ಒಂದು ಚೀಟೀಲಿ ಬರೆದು ಇಟ್ಕೊಂಡಿರಿ. ಆಧಾರ್, ಬಿಪಿಎಲ್ ಕಾರ್ಡ್ ಇರಲಿ. ಬೆಳಿಗ್ಗೆ ಬೇಗ ಹೊರಡಿ, ಚೀಟಿ ಮಾಡಿಸೋ ಸಾಲು ಉದ್ದ ಇರುತ್ತೆ, ಆ ಸಾಲಲ್ಲೇ ಬೇಜಾರಾಗಿ ಎದ್ದು ಬರೋರು ಇದ್ದಾರೆ.

ನಮ್ಮ ಸುತ್ತಮುತ್ತ ಯಾರಿಗಾದ್ರೂ ಜತೆಗೆ ಬರೋರು ಇಲ್ಲ ಅಂದ್ರೆ ನನಗೆ ಮೆಸೇಜ್ ಮಾಡಿ. ಹೆಸರು ಎಲ್ಲೂ ಬರೆಯಲ್ಲ. ಮಂಗಳವಾರ ನನಗೆ ಹೆಂಗೂ ಚನ್ನಗಿರೀಲಿ ಏನಾದ್ರೂ ಕೆಲಸ ಇರುತ್ತೆ, ಬೈಕಲ್ಲಿ ಹಿಂದಿನ ಸೀಟು ಖಾಲಿನೇ ಇರುತ್ತೆ. ಹಾಲು ಹಾಕಿ ಎಂಟಕ್ಕೆಲ್ಲ ಹೊರಡ್ತೀನಿ.